ಊರು ಬಿಟ್ಟು ಬಂದವರು ಓದಬೇಕಾದ ಏಷ್ಯಾದ ಚಿತ್ರಕಥೆಗಳು

ಕಾಮಿಕ್ಸ್ ಎಂದೊಡನೆ ಮುಂಬಯಿ ಕನ್ನಡಿಗರಿಗೆ ಮೊದಲು ನೆನಪಾಗುವ ಹೆಸರು ಅನಂತ ಪೈ ಅವರದು. 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆ-ತಾಯಿಯನ್ನು ಕಳೆದುಕೊಂಡು, ಹನ್ನೆರಡರ ಪ್ರಾಯದಲ್ಲಿ ಮುಂಬಯಿ ಸೇರಿದ ಈ ಹುಡುಗ ಮುಂದೆ 1967ರಲ್ಲಿ 'ಅಮರ ಚಿತ್ರ ಕಥೆ'ಯನ್ನೂ 1980ರಲ್ಲಿ 'ಟಿಂಕಲ್' ಪತ್ರಿಕೆಯನ್ನೂ ಆರಂಭಿಸಿ ದೇಶದ ಮಕ್ಕಳಿಗೆಲ್ಲ 'ಅಂಕಲ್ ಪೈ' ಆದರು. ಊರಿನಲ್ಲಿ ಅಜ್ಜಿಯ ಬಾಯಿಂದ ಕೇಳಬೇಕಾಗಿದ್ದ ಕಥೆಗಳನ್ನು ಚಾಳಿನ ಒಂದು ಕೋಣೆಯಲ್ಲಿ ಬೆಳೆದ ಮಕ್ಕಳು ಓದಿಕೊಂಡದ್ದು ಈ ಬಣ್ಣದ ಪುಸ್ತಕಗಳಿಂದಲೇ.

ಇಂದು ಅದೇ ಮನೆಗಳ ಮಕ್ಕಳ ಕೈಯಲ್ಲಿರುವುದು ಜಪಾನಿನ 'ನರುಟೊ', 'ಒನ್ ಪೀಸ್' ಮುಂತಾದ ಮಾಂಗಾ ಪುಸ್ತಕಗಳು. ಹತ್ತನೆಯ ತರಗತಿಯ ಮಗ ಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ ತಿರುಗಿಸುತ್ತ ಕುಳಿತಿರುವುದನ್ನು ಕಂಡು "ಇಷ್ಟು ದೊಡ್ಡವನಾದರೂ ಚಿತ್ರ ನೋಡುವ ಚಾಳಿ ಬಿಟ್ಟಿಲ್ಲವಾ?" ಎಂದು ಗದರದ ಅಪ್ಪಂದಿರು ಕಡಿಮೆ. ಅಪ್ಪನಿಗೆ ಆ ಪುಸ್ತಕದ ತಲೆಬುಡ ಗೊತ್ತಿಲ್ಲ, ಮಗನಿಗೆ ಅಪ್ಪನ ಊರಿನ ತಲೆಬುಡ ಗೊತ್ತಿಲ್ಲ. ಮೇ ತಿಂಗಳ ರಜೆಯಲ್ಲಿ ಮತ್ಸ್ಯಗಂಧಾ ರೈಲು ಹತ್ತಿ ಹೋಗಿ ಎಂಟು ದಿನ ಇದ್ದು ಬಂದರೆ ಆ ಅಂತರ ತುಂಬುವಂಥದ್ದಲ್ಲ.

ಆದರೆ ಇದೇ ಅಂತರವನ್ನೇ ವಸ್ತುವಾಗಿಸಿಕೊಂಡ ಚಿತ್ರಕಥೆಗಳು ಜಪಾನ್, ಮಲೇಷ್ಯಾ, ಕೊರಿಯಾಗಳಲ್ಲಿ ಬಂದಿವೆ ಎಂಬುದು ನಮ್ಮವರಲ್ಲಿ ಹೆಚ್ಚಿನವರಿಗೆ ತಿಳಿಯದು. ಹೊಡೆದಾಟದ ಮಾಂಗಾಗಳಂತೆ ಇವು ಅಂಗಡಿಯ ಮುಂಭಾಗದ ಕಪಾಟಿನಲ್ಲಿ ಕಾಣಿಸುವುದಿಲ್ಲ. ಮಾಂಗಾ ಓದುವ ಮಕ್ಕಳಲ್ಲೂ ಇವುಗಳ ಹೆಸರು ಕೇಳಿದವರು ವಿರಳ. ಇಂಗ್ಲಿಷಿನಲ್ಲಿ ದೊರೆಯುವ ಅಂಥ ಕೆಲವು ಕೃತಿಗಳ ಪರಿಚಯ ಇಲ್ಲಿದೆ.

ಗೋಪೆಂಗ್‌ನ ಹುಡುಗ

ಮಲೇಷ್ಯಾದ ವ್ಯಂಗ್ಯಚಿತ್ರಕಾರ ಲಾಟ್ ಅವರ ನಿಜವಾದ ಹೆಸರು ಮೊಹಮ್ಮದ್ ನೂರ್ ಖಾಲಿದ್. 1951ರಲ್ಲಿ ಹುಟ್ಟಿದ ಅವರ ತಂದೆ ಸರಕಾರಿ ಗುಮಾಸ್ತರಾಗಿದ್ದರು. ಕೌಲಾಲಂಪುರದ ಪತ್ರಿಕೆಯೊಂದರಲ್ಲಿ ಅಪರಾಧ ಸುದ್ದಿಯ ವರದಿಗಾರರಾಗಿದ್ದ ಲಾಟ್ ನಂತರ ಪೂರ್ಣಾವಧಿ ವ್ಯಂಗ್ಯಚಿತ್ರಕಾರರಾದರು. ತಾವು ಬಾಲ್ಯ ಕಳೆದ ಪೇರಾಕ್ ರಾಜ್ಯದ ಹಳ್ಳಿಯನ್ನು ನೆನೆದು ಅವರು ಬರೆದ 'ಕಂಪುಂಗ್ ಬಾಯ್' 1979ರಲ್ಲಿ ಪ್ರಕಟವಾಯಿತು. ಕಂಪುಂಗ್ ಎಂದರೆ ಹಳ್ಳಿ.

ಇದರಲ್ಲಿ ಖಳನಾಯಕನಿಲ್ಲ, ಕಥೆ ಎನ್ನುವಂಥ ಕಥೆಯೂ ಇಲ್ಲ. ಹೆರಿಗೆ ಮಾಡಿಸುವ ಅಜ್ಜಿ, ಮಗುವಿನ ತಲೆಕೂದಲು ತೆಗೆಸುವ ಶಾಸ್ತ್ರ, ಕುರಾನ್ ಪಾಠ, ಹೊಳೆಯಲ್ಲಿ ಮೀನು ಹಿಡಿಯುವ ಗೆಳೆಯರು, ರಬ್ಬರ್ ಮರಗಳು, ಮಗ ಓದದಿದ್ದರೆ ಸಿಟ್ಟಾಗುವ ಅಪ್ಪ, ಇಷ್ಟೇ. ಪುಟ ತುಂಬ ದೊಡ್ಡ ಚಿತ್ರ, ಕೆಳಗೆ ಕೈಬರಹದಲ್ಲಿ ಎರಡು ಮೂರು ಸಾಲು. ಹುಡುಗರು ಕದ್ದು ತವರದ ಅದಿರು ಜಾಲಿಸಲು ಹೋಗಿ ಅಪ್ಪನ ಕೈಗೆ ಸಿಕ್ಕಿಬೀಳುವ ಭಾಗವನ್ನು ಓದುವಾಗ ನಗು ತಡೆಯುವುದು ಕಷ್ಟ. ಮರುದಿನ ಅಪ್ಪ ಹೊಡೆಯುವುದನ್ನು ಬಿಟ್ಟು ಮಗನನ್ನು ತನ್ನ ಚಿಕ್ಕ ರಬ್ಬರ್ ತೋಟಕ್ಕೆ ಕರೆದೊಯ್ದು, ಚೆನ್ನಾಗಿ ಓದಿದರೆ ಇದು ನಿನ್ನದು ಎಂದು ಆಸೆ ತೋರಿಸುತ್ತಾನೆ. ತೋಟ ಮಾಡಿದವನ ಮಗ ಓದಿದರೆ ತೋಟಕ್ಕೆ ಮರಳುವುದಿಲ್ಲ ಎಂಬುದು ಆ ಅಪ್ಪನಿಗೆ ಹೊಳೆಯಿತೋ ಇಲ್ಲವೋ! ಹುಡುಗ ಪರೀಕ್ಷೆ ಪಾಸಾಗಿ ಪಟ್ಟಣದ ವಸತಿ ಶಾಲೆಗೆ ಹೊರಡುತ್ತಾನೆ. ಹೊರಡುವ ಹೊತ್ತಿಗೆ ಊರಿನವರ ಬಾಯಲ್ಲಿ ಒಂದೇ ಮಾತು, ತವರದ ಕಂಪೆನಿಯವರು ನೆಲ ಕೊಳ್ಳಲು ಬರುತ್ತಾರಂತೆ. ತಾನು ಮರಳಿ ಬರುವಾಗ ಈ ಊರು ಇರುತ್ತದೆಯೋ ಇಲ್ಲವೋ ಎಂಬ ಹುಡುಗನ ಅಳುಕು ಕೊನೆಯ ಪುಟಗಳಲ್ಲಿದೆ.

ಕರಾವಳಿಯಲ್ಲಿ ಯೋಜನೆಗಳಿಗೆಂದು ಗದ್ದೆ-ತೋಟ ಬಿಟ್ಟುಕೊಟ್ಟ ಕುಟುಂಬಗಳಿಗೆ ಈ ಪುಟಗಳನ್ನು ವಿವರಿಸಬೇಕಾದ ಅಗತ್ಯವಿಲ್ಲ. ಮುಂದಿನ ಭಾಗ 'ಟೌನ್ ಬಾಯ್' 1981ರಲ್ಲಿ ಬಂತು. ಇಪೋ ಪಟ್ಟಣದಲ್ಲಿ ಮಲಯ ಹುಡುಗನಿಗೆ ಸಿಗುವ ಚೀನೀ ಗೆಳೆಯ ಫ್ರಾಂಕಿಯ ಮನೆಯವರದ್ದು ಕಾಫಿ ಅಂಗಡಿ. ಹೋಟೆಲಿನ ಹಿಂದೆಯೇ ಮನೆ, ಮನೆಯೆಂದರೆ ಹೋಟೆಲೇ ಎಂಬಂತೆ ಬೆಳೆದ ಮುಂಬಯಿಯ ಅನೇಕ ಮಕ್ಕಳಿಗೆ ಫ್ರಾಂಕಿ ಹೊಸಬನಲ್ಲ.

ಕ್ಷೌರಿಕನ ಮಗ

ಈ ಎಲ್ಲ ಪುಸ್ತಕಗಳಲ್ಲಿ ಒಂದನ್ನು ಮಾತ್ರ ಆರಿಸಬೇಕೆಂದರೆ ಜಿರೊ ತಾನಿಗುಚಿ ಅವರ 'ಎ ಜರ್ನಲ್ ಆಫ್ ಮೈ ಫಾದರ್' ಎನ್ನಬೇಕು. ಜಪಾನಿನಲ್ಲಿ ಇದು 1994ರಲ್ಲೇ ಬಂದಿದ್ದರೂ ಇಂಗ್ಲಿಷಿಗೆ ಬರಲು 2021ರ ತನಕ ಕಾಯಬೇಕಾಯಿತು. ಅಷ್ಟರಲ್ಲಿ ಲೇಖಕರೇ ಇರಲಿಲ್ಲ. 1947ರಲ್ಲಿ ಹುಟ್ಟಿದ ತಾನಿಗುಚಿ 2017ರಲ್ಲಿ ತೀರಿಕೊಂಡರು. ಫ್ರಾನ್ಸ್ ಸರಕಾರ 2011ರಲ್ಲಿ ಅವರಿಗೆ ಗೌರವ ಪದವಿ ಕೊಟ್ಟಿತ್ತು. ಸ್ವದೇಶಕ್ಕಿಂತ ಯುರೋಪಿನಲ್ಲೇ ಅವರ ಹೆಸರು ಹೆಚ್ಚು.

ತಾನಿಗುಚಿ ಅವರ ಹುಟ್ಟೂರು ತೊತ್ತೊರಿ. ಜಪಾನಿನ 47 ಪ್ರಾಂತಗಳಲ್ಲಿ ಅತಿ ಕಡಿಮೆ ಜನಸಂಖ್ಯೆಯ ಪ್ರಾಂತವಿದು. ಓದಿದ ಹುಡುಗರು ತೋಕಿಯೊಗೋ ಒಸಾಕಾಗೋ ಹೊರಟುಹೋಗುವ ನಾಡು. ಕಥೆಯ ನಾಯಕ ಯೊಯಿಚಿಯೂ ಹಾಗೆ ಹೊರಟವನೇ. ತೋಕಿಯೊದಲ್ಲಿ ನೌಕರಿ, ಸಂಸಾರ. ವರ್ಷಗಟ್ಟಲೆ ಊರ ಕಡೆ ತಲೆ ಹಾಕದವನಿಗೆ ಒಂದು ದಿನ ಅಪ್ಪ ತೀರಿಕೊಂಡ ಸುದ್ದಿ ಬರುತ್ತದೆ. ಮನಸ್ಸಿಲ್ಲದ ಮನಸ್ಸಿನಿಂದ ಹೊರಡುತ್ತಾನೆ. ಅಮ್ಮ ಮನೆ ಬಿಟ್ಟುಹೋಗಲು ಅಪ್ಪನೇ ಕಾರಣ ಎಂಬ ಸಿಟ್ಟು ಬಾಲ್ಯದಿಂದಲೂ ಅವನ ಎದೆಯಲ್ಲಿ ಕೂತಿದೆ.

ಶವದ ಪಕ್ಕದಲ್ಲಿ ಬಂಧುಗಳು ರಾತ್ರಿಯಿಡೀ ಕೂರುವುದು ಅಲ್ಲಿನ ಪದ್ಧತಿ. ಆ ಒಂದು ರಾತ್ರಿಯ ಮಾತುಕತೆಯೇ ಇಡೀ ಪುಸ್ತಕ. ಅಪ್ಪನದು ಕ್ಷೌರದಂಗಡಿ. 1952ರ ಏಪ್ರಿಲ್ 17ರಂದು ತೊತ್ತೊರಿ ನಗರದಲ್ಲಿ ಹೊತ್ತಿದ ಬೆಂಕಿ ಐದು ಸಾವಿರಕ್ಕೂ ಹೆಚ್ಚು ಮನೆಗಳನ್ನು ಸುಟ್ಟಿತು. ಇದು ನಡೆದ ಘಟನೆ. ಕಥೆಯಲ್ಲಿ ಈ ಅಂಗಡಿಯೂ ಸುಟ್ಟುಹೋಗುತ್ತದೆ. ಮತ್ತೆ ಕಟ್ಟಲು ಹೆಂಡತಿಯ ತವರಿನಿಂದ ಸಾಲ. ಮಾವನ ಮನೆಯ ಋಣ ಬೇಗ ತೀರಿಸಬೇಕೆಂಬ ಹಟದಲ್ಲಿ ಅಪ್ಪ ಹಗಲು ರಾತ್ರಿ ದುಡಿಯುತ್ತಾನೆ. ಸಾಲ ಕರಗುತ್ತ ಹೋದಂತೆ ಸಂಸಾರವೂ ಕರಗುತ್ತದೆ. ಮಾತು ಕಡಿಮೆಯಾಗುತ್ತದೆ, ಗಂಡ ಹೆಂಡತಿ ದೂರವಾಗುತ್ತಾರೆ, ಒಂದು ದಿನ ಅಮ್ಮ ಇರುವುದಿಲ್ಲ. ಮಗುವಾಗಿದ್ದ ಯೊಯಿಚಿಗೆ ಕಂಡದ್ದು ಕೊನೆಯ ದಿನ ಮಾತ್ರ. ಅದಕ್ಕೆ ಹಿಂದಿನ ಲೆಕ್ಕವನ್ನು ಹಿರಿಯರು ಈಗ, ಅಪ್ಪನ ಶವದ ಮುಂದೆ, ಒಂದೊಂದಾಗಿ ಬಿಚ್ಚುತ್ತಾರೆ.

ಎಲ್ಲೂ ಕಣ್ಣೀರಿನ ಹೊಳೆ ಇಲ್ಲ. ವಸಂತದ ಬಿಸಿಲು ಬಿದ್ದ ಅಂಗಡಿಯ ನೆಲದಲ್ಲಿ ಆಡುತ್ತಿರುವ ಮಗು, ಅದರಾಚೆ ಕತ್ತರಿ ಹಿಡಿದು ನಿಂತ ಅಪ್ಪ. ಆ ನೆನಪನ್ನು ತಾನಿಗುಚಿ ಬರೆದಿರುವ ನಿಧಾನವನ್ನು ಸಿನಿಮಾದವರು ನೋಡಿ ಕಲಿಯಬೇಕು. ಮುಂಬಯಿಗೆ ಫೋನು ಬಂದು, ಸಿಕ್ಕಿದ ರಾತ್ರಿ ಬಸ್ಸಿನಲ್ಲಿ ಕೂತು, ಕಟ್ಟಿಗೆ ಇಡುವ ಹೊತ್ತಿಗೆ ಊರು ಮುಟ್ಟಿದವರು ಪ್ರತಿಯೊಂದು ಸಂಘದಲ್ಲೂ ಇದ್ದಾರೆ. ಮುಟ್ಟಲಾಗದೆ ಹೋದವರೂ ಇದ್ದಾರೆ. ಅಂಥವರು ಈ ಪುಸ್ತಕವನ್ನು ಒಂದೇ ಕೂರಿಕೆಯಲ್ಲಿ ಮುಗಿಸಲಾರರು.

ಇವರದೇ 'ಎ ಡಿಸ್ಟೆಂಟ್ ನೇಬರ್‌ಹುಡ್' ಸ್ವಲ್ಪ ಜನಪ್ರಿಯ. 48ರ ಪ್ರಾಯದ ಒಬ್ಬ ಗೃಹಸ್ಥ ತಪ್ಪು ರೈಲು ಹತ್ತಿ ಹುಟ್ಟೂರು ತಲುಪಿ, ತಾಯಿಯ ಸಮಾಧಿಯ ಬಳಿ ಮೈಮರೆತು, ಎಚ್ಚರವಾಗುವಾಗ ತನ್ನದೇ 14ರ ವಯಸ್ಸಿಗೆ ಮರಳಿರುತ್ತಾನೆ. ಅಪ್ಪ ಮನೆ ಬಿಟ್ಟುಹೋದದ್ದು ಅದೇ ವರ್ಷ. ಅಪ್ಪನನ್ನು ಈ ಸಲ ತಡೆಯಬಹುದೇ ಎಂಬುದೇ ಕುತೂಹಲ. ಚಿಕ್ಕವರಿಗೆ ಇದು ಹೆಚ್ಚು ಹಿಡಿಸೀತು.

'ನಾಳೆ ಬಾ' ಮತ್ತು ಬೆತೊಬೆತೊ ಸಾನ್

ಅದೇ ತೊತ್ತೊರಿ ಪ್ರಾಂತದ ಸಕಾಯಿಮಿನಾತೊ ಎಂಬ ಬಂದರು ಊರಿನವರು ಶಿಗೆರು ಮಿಜುಕಿ. ಜಪಾನಿನಲ್ಲಿ ಮನೆಮಾತಾದ ಹೆಸರು. ಅವರ ಊರಿನ ಒಂದು ಬೀದಿಯಲ್ಲಿ ಅವರು ಬರೆದ ದೆವ್ವ-ಭೂತಗಳ 177 ಕಂಚಿನ ಪ್ರತಿಮೆಗಳಿವೆ. ಇಷ್ಟಾಗಿಯೂ ಭಾರತದಲ್ಲಿ ಅವರನ್ನು ಓದಿದವರು ತೀರಾ ಕಡಿಮೆ. 1977ರ 'ನೋನ್ನೋನ್‌ಬಾ' ಅವರ ಬಾಲ್ಯದ ಕಥೆ. ಮನೆಗೆಲಸಕ್ಕೆ ಬಂದು ನಿಲ್ಲುವ ಬಡ ಮುದುಕಿಯೊಬ್ಬಳು ಹುಡುಗನಿಗೆ ಕಾಣದ ಲೋಕದ ಪರಿಚಯ ಮಾಡಿಸುತ್ತಾಳೆ. ತೊಳೆಯದ ಬಚ್ಚಲಿನ ಕೊಳೆ ನೆಕ್ಕುವ ಭೂತ ಒಂದು. ಕತ್ತಲ ದಾರಿಯಲ್ಲಿ ಹೆಜ್ಜೆ ಸಪ್ಪಳ ಮಾಡುತ್ತ ಹಿಂಬಾಲಿಸುವ ಬೆತೊಬೆತೊ ಸಾನ್ ಇನ್ನೊಂದು. ಪಕ್ಕಕ್ಕೆ ಸರಿದು "ತಾವು ಮುಂದೆ ಹೋಗಿ" ಎಂದು ಮರ್ಯಾದೆಯಿಂದ ಹೇಳಿದರೆ ಅದು ಹೊರಟುಹೋಗುತ್ತದಂತೆ. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ಸಾಗಹಾಕಿದ ಕನ್ನಡ ನಾಡಿನವರಿಗೆ ಈ ಉಪಾಯ ಹೊಸದಲ್ಲ. ಫ್ರಾನ್ಸಿನ ಅಂಗುಲೆಮ್ ಉತ್ಸವದಲ್ಲಿ 2007ರಲ್ಲಿ ಈ ಕೃತಿಗೆ ಅತ್ಯುತ್ತಮ ಪುಸ್ತಕ ಪ್ರಶಸ್ತಿ ಬಂತು. ಆ ಗೌರವ ಪಡೆದ ಮೊದಲ ಮಾಂಗಾ ಇದು.

ಮಿಜುಕಿ ಅವರ ಇನ್ನೊಂದು ಮುಖ 'ಆನ್‌ವರ್ಡ್ ಟುವರ್ಡ್ಸ್ ಅವರ್ ನೋಬಲ್ ಡೆತ್ಸ್' (1973). ಎರಡನೇ ಮಹಾಯುದ್ಧದಲ್ಲಿ ಸಾಮಾನ್ಯ ಸೈನಿಕರಾಗಿ ಪಪುವಾ ನ್ಯೂಗಿನಿಯ ರಬೌಲ್ ಕಡೆಗೆ ಹೋಗಿದ್ದ ಅವರು ಬಾಂಬ್ ದಾಳಿಯಲ್ಲಿ ಎಡಗೈ ಕಳೆದುಕೊಂಡರು. ಆಮೇಲಿನ ಅಷ್ಟೂ ಚಿತ್ರಗಳನ್ನು ಬರೆದದ್ದು ಉಳಿದ ಒಂದೇ ಕೈಯಲ್ಲಿ. ಪುಸ್ತಕದಲ್ಲಿ ಒಂದು ತುಕಡಿಗೆ ಸಾಯುವ ತನಕ ಹೋರಾಡುವ ಆಜ್ಞೆಯಾಗುತ್ತದೆ. ಎಲ್ಲರೂ ವೀರಮರಣ ಹೊಂದಿದರು ಎಂದು ಮೇಲಿನ ಕಚೇರಿಗೆ ವರದಿಯೂ ಹೋಗುತ್ತದೆ. ಆದರೆ ಕೆಲವರು ಬದುಕಿ ಉಳಿದಿರುತ್ತಾರೆ. ವರದಿ ತಿದ್ದುವಂತಿಲ್ಲ, ಆದ್ದರಿಂದ ಉಳಿದವರು ಮತ್ತೆ ಹೋಗಿ ಸಾಯಬೇಕು! ಕಡತದ ಲೆಕ್ಕ ತಾಳೆಯಾಗಲು ಮನುಷ್ಯರನ್ನು ಕೊಡುವ ಈ ವ್ಯವಹಾರವನ್ನು ಓದಿದಾಗ ಮೈ ತಣ್ಣಗಾಗುತ್ತದೆ. ಬಹುಪಾಲು ನಡೆದದ್ದೇ ಎಂದು ಮಿಜುಕಿ ಹೇಳಿದ್ದರು. ಜಪಾನೀಯರ ಸೆರೆಯಾಳಾಗಿ ಆ ಭಾಗಕ್ಕೆ ಒಯ್ಯಲ್ಪಟ್ಟ ಭಾರತೀಯ ಸೈನಿಕರ ಕಥೆಯನ್ನು ಯಾರೂ ಚಿತ್ರಿಸಿದಂತಿಲ್ಲ. ರಬೌಲ್ ಸಮೀಪದ ಬೀಟಾ ಪಾಕಾ ಯುದ್ಧ ಸ್ಮಶಾನದಲ್ಲಿ ಅವರ ಸಮಾಧಿಗಳಿವೆ. ಮಿಜುಕಿ 2015ರಲ್ಲಿ, 93ರ ವಯಸ್ಸಿನಲ್ಲಿ ನಿಧನರಾದರು.

ಶಾಲೆಗೆ ಕಳುಹಿಸುತ್ತೇವೆ ಎಂದವರು

ಕೊರಿಯಾದ ಕುಮ್ ಸುಕ್ ಜೆಂಡ್ರಿ-ಕಿಮ್ ಅವರ 'ಗ್ರಾಸ್' ದೊಡ್ಡವರು ಮಾತ್ರ ಓದಬೇಕಾದ ಪುಸ್ತಕ. ಲೀ ಓಕ್-ಸುನ್ ಎಂಬ ಬಡ ಹುಡುಗಿಗೆ ಶಾಲೆಗೆ ಹೋಗುವುದೊಂದೇ ಆಸೆ. ದತ್ತು ತೆಗೆದುಕೊಂಡು ಓದಿಸುತ್ತೇವೆ ಎಂದವರ ಮಾತು ನಂಬಿ ಹೆತ್ತವರು ಕಳುಹಿಸುತ್ತಾರೆ. ಅಲ್ಲಿ ಸಿಕ್ಕಿದ್ದು ಅಂಗಡಿಯ ಚಾಕರಿ. 1942ರಲ್ಲಿ, 15ರ ಪ್ರಾಯದಲ್ಲಿ, ಬೀದಿಯಿಂದಲೇ ಅವಳನ್ನು ಎತ್ತಿಕೊಂಡು ಹೋಗಿ ಚೀನಾದಲ್ಲಿದ್ದ ಜಪಾನಿ ಸೈನ್ಯದ ಲೈಂಗಿಕ ಗುಲಾಮಳನ್ನಾಗಿ ಮಾಡಲಾಯಿತು. ಅವರು ಕೊರಿಯಾಕ್ಕೆ ಮರಳಿದ್ದು 2000ದಲ್ಲಿ. ಲೇಖಕಿ ಅವರನ್ನು ಹಲವು ಸಲ ಕಂಡು, ಕೇಳಿ ಬರೆದ ಈ ಕೃತಿಗೆ 2020ರಲ್ಲಿ ಅಮೆರಿಕದ ಹಾರ್ವೆ ಪ್ರಶಸ್ತಿ ಬಂದಿದೆ. ಅತ್ಯಾಚಾರದ ದೃಶ್ಯಗಳನ್ನು ಲೇಖಕಿ ತೋರಿಸುವುದಿಲ್ಲ, ಆ ಜಾಗದಲ್ಲಿ ಕಪ್ಪು ಶಾಯಿ ತುಂಬುತ್ತಾರೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಮುಂಬಯಿಯ ಹಿರಿಯರಿಗೆ, ಓದಿನ ಆಸೆ ತೋರಿಸಿ ಮಗುವನ್ನು ಒಯ್ಯುವುದು ಎಷ್ಟು ಸುಲಭ ಎಂಬುದು ತಿಳಿದಿದೆ. ಅವರಿಗೆ ಕೊನೆಗಾದರೂ ಶಾಲೆ ಸಿಕ್ಕಿತು.

ಹಿರೊಷಿಮಾದ ಬಗ್ಗೆ ಕೇಜಿ ನಕಜಾವ ಅವರ 'ಬೇರ್‌ಫುಟ್ ಗೆನ್' ಹತ್ತು ಸಂಪುಟಗಳಲ್ಲಿದೆ. ಬಾಂಬ್ ಬಿದ್ದಾಗ ಆರು ವರ್ಷದವರಾಗಿದ್ದ ಲೇಖಕರು ಅಪ್ಪ, ಅಕ್ಕ, ತಮ್ಮನನ್ನು ಅಂದೇ ಕಳೆದುಕೊಂಡಿದ್ದರು. ಇಂಗ್ಲಿಷ್ ಕಷ್ಟವೆನಿಸುವ ಹಿರಿಯರು ಇದನ್ನು ಹಿಂದಿಯಲ್ಲಿ ಹುಡುಕಬಹುದು. ಅದೇ ನಗರದವರಾದ ಫುಮಿಯೊ ಕೌನೊ ಅವರ 'ಇನ್ ದಿಸ್ ಕಾರ್ನರ್ ಆಫ್ ದಿ ವರ್ಲ್ಡ್' ಯುದ್ಧಕಾಲದಲ್ಲಿ ಮದುವೆಯಾಗಿ ಕುರೆ ಎಂಬ ನೌಕಾನೆಲೆಯ ಊರಿಗೆ ಬಂದ ಸೊಸೆಯೊಬ್ಬಳ ಅಡುಗೆ, ಹೊಲಿಗೆ, ರೇಷನ್ನಿನ ಕಥೆ. ಮಹಿಳಾ ವಿಭಾಗದವರು ಕೂಡಿ ಓದಿ ಚರ್ಚಿಸಲು ಇದಕ್ಕಿಂತ ಒಳ್ಳೆಯ ಪುಸ್ತಕ ಸಿಗುವುದು ಕಷ್ಟ.

ಇವು ಸಾಮಾನ್ಯವಾಗಿ ಅಂತರಜಾಲದ ಪುಸ್ತಕ ಮಾರಾಟಗಾರರಲ್ಲಿ ದೊರೆಯುತ್ತವೆ. ಬೆಲೆ ಒಬ್ಬರ ಜೇಬಿಗೆ ತುಸು ಭಾರ. ಸಂಘಗಳ ಗ್ರಂಥಾಲಯ ಸಮಿತಿಯವರು ವರ್ಷದ ಖರೀದಿ ಪಟ್ಟಿಯಲ್ಲಿ ಎರಡನ್ನಾದರೂ ಸೇರಿಸಿದರೆ, ಪುಸ್ತಕದ ಕಪಾಟಿನ ಬಳಿ ಸುಳಿಯದ ಕಾಲೇಜು ಮಕ್ಕಳೂ ಬಂದಾರು. 'ಗ್ರಾಸ್' ಪುಸ್ತಕವನ್ನು ಮಾತ್ರ ಹಿರಿಯರ ವಿಭಾಗದಲ್ಲೇ ಇಡುವುದು ಒಳಿತು. ಜಪಾನಿನ ಕೆಲವು ಪುಸ್ತಕಗಳನ್ನು ಮೂಲದಂತೆ ಬಲದಿಂದ ಎಡಕ್ಕೆ ಓದಬೇಕಾಗುತ್ತದೆ, ಹತ್ತು ಪುಟದಲ್ಲಿ ರೂಢಿಯಾಗುತ್ತದೆ. ಆ ತಾಪತ್ರಯ ಬೇಡವೆನ್ನುವವರು 'ಕಂಪುಂಗ್ ಬಾಯ್'ನಿಂದ ಆರಂಭಿಸಬಹುದು. ಅದು ಎಡದಿಂದ ಬಲಕ್ಕೇ ಇದೆ.