ಮೇಸ್ತ್ರಿ ಹೇಳಿದ ಪಾಠ

ಮೊನ್ನೆ ನನ್ನ ಹಳೆಯ ಕಾರಿನ ಹೊಗೆಕೊಳವೆಯನ್ನು ಬಿಚ್ಚಹೊರಟವನು, ಬಿಗಿದುಕೊಂಡಿದ್ದ ಬೋಲ್ಟೊಂದರ ತಲೆಯನ್ನೇ ಮುರಿದುಬಿಟ್ಟೆ. ತಲೆ ನನ್ನ ಸ್ಪ್ಯಾನರಿನಲ್ಲಿ, ಮೈ ಎಂಜಿನ್ನಿನಲ್ಲಿ!

ತುಕ್ಕಿನ ಸ್ವಭಾವವೇ ಅಂಥದು. ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚಿನ ಜಾಗವನ್ನು ಆಕ್ರಮಿಸಿ, ತಿರುಪಿನ ಸುತ್ತುಗಳ ನಡುವೆ ಬೆಣೆಯಂತೆ ಕೂರುತ್ತದೆ. ಅದರೊಡನೆ ಬಲಪ್ರದರ್ಶನ ಸಲ್ಲದು.

ತುಂಡನ್ನು ಕೊರೆದು ತೆಗೆಯಲೆಂದು ನಾನು ಎಕ್ಸ್‌ಟ್ರ್ಯಾಕ್ಟರೊಂದನ್ನು ಕೊಂಡು ತಂದಿದ್ದೆ. ಮೇಸ್ತ್ರಿ ಅದನ್ನು ಬದಿಗಿಟ್ಟರು. “ಇದು ಗಡುಸು ಉಕ್ಕು, ಮೇಷ್ಟ್ರೇ. ಒಳಗೆ ಮುರಿದರೆ ಸಾಧಾರಣ ಡ್ರಿಲ್ಲು ಇದನ್ನು ಕೊರೆಯಲಾರದು. ಆಮೇಲೆ ಹೆಡ್ಡನ್ನೇ ಇಳಿಸಬೇಕಾದೀತು” ಎಂದರು. ಇಳಿಸುವ ಖರ್ಚನ್ನು ಕೇಳಿ ನಾನು ಸುಮ್ಮನಾದೆ.

ಅವರು ಕೊಳವೆಯನ್ನು ಕಳಚಿ, ಹೊರಚಾಚಿದ್ದ ತುಂಡಿಗೆ ಎಣ್ಣೆಯುಣಿಸಿ ಒಂದು ರಾತ್ರಿ ಬಿಟ್ಟರು. ಬೆಳಿಗ್ಗೆ ಎಣ್ಣೆಯನ್ನು ಒರಸಿ, ಬ್ಯಾಟರಿಯ ತಂತಿ ಬಿಡಿಸಿ, ತುಂಡಿನ ತುದಿಗೆ ನಟ್ಟೊಂದನ್ನು ಬೆಸೆದರು. ಬೆಸುಗೆಯ ಕಾವು ತುಕ್ಕಿನ ಹಿಡಿತವನ್ನು ಸಡಿಲಿಸುತ್ತದೆ. ಹೆಡ್ಡು ಅಲ್ಯುಮಿನಿಯಮ್ಮಿನದು; ಒಂದೇ ಕಾವಿಗೆ ಅದು ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದೂ ನಮಗೆ ಅನುಕೂಲವೇ.

ಆದರೂ ಎರಡು ನಟ್ಟುಗಳು ಕಿತ್ತುಬಂದವು. ಮೂರನೆಯದನ್ನು ಕೂದಲೆಳೆಯಷ್ಟು ಹಿಂದೆ, ಅಷ್ಟೇ ಮುಂದೆ ಆಡಿಸುತ್ತ ಹೋದಂತೆ, ಕಿರುಗುಟ್ಟುತ್ತ ಬೋಲ್ಟು ಹೊರಬಂದಿತು.