ಕೋಣ, ಕೋನ ಮತ್ತು ಹೊಲದ ಮೂಲೆ

ನಮ್ಮ ಮಡಕಶಿರಾ ಸೀಮೆಯಲ್ಲಿ ಒಂದಕ್ಷರ ತಪ್ಪಿದರೆ ರೇಖಾಗಣಿತದೊಳಕ್ಕೆ ದನಕರು ನುಗ್ಗುತ್ತವೆ. ಎರಡು ಗೆರೆ ಸೇರುವ ಮೂಲೆಗೆ ತೆಲುಗಿನಲ್ಲಿ ‘ಕೋಣಂ’, ಕನ್ನಡದಲ್ಲಿ ‘ಕೋನ’. ಏಳನೇ ತರಗತಿವರೆಗೆ ತೆಲುಗಿನಲ್ಲಿ ಓದಿ, ಗಡಿ ದಾಟಿ ಪಾವಗಡ ಕಡೆಯ ಹೈಸ್ಕೂಲು ಸೇರಿದ ನಾನು ‘ಎರಡು ಕೋಣಗಳು ಸಮ’ ಎಂದು ಬರೆದೆ. ‘ಯಾವ ಸಂತೇಲಿ ಹಿಡಕೊಂಡು ಬಂದೆಯಪ್ಪಾ ಜೋಡೀನ?’ ಎಂದರು ಮೇಷ್ಟ್ರು. ಹುಡುಗರೆಲ್ಲ ನಕ್ಕರು. ಅಂದಿನಿಂದ ಗಣಿತದ ಪೀರಿಯಡ್ಡಿನಲ್ಲಿ ಬಾಯಿ ಬಿಡಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಆ ವಿಷಯ ಮೊದಲ ಸಲ ಹೋಯಿತು.

ಈ ವರ್ಷ ನನ್ನ ತಮ್ಮನ ಮಗಳ ಸರದಿ. ಅಜ್ಜಿ ಮನೆಯಲ್ಲಿದ್ದು ಎಂಟನೇ ತರಗತಿವರೆಗೆ ಕನ್ನಡದಲ್ಲಿ ಓದಿದವಳು ಒಂಬತ್ತಕ್ಕೆ ಊರಿಗೆ ಬಂದು ತೆಲುಗು ಪಾಠಕ್ಕೆ ಕೂತಳು. ಅವಳು ತೆಲುಗಿನಲ್ಲೂ ‘ಕೋನ’ ಎಂದೇ ಬರೆದಳು. ಅಲ್ಲಿ ಕೋನ ಎಂದರೆ ಕಣಿವೆ. ತಲಕೋನ ಜಲಪಾತ ನೋಡಿದವರಿಗೆ ಗೊತ್ತು. ಆ ತಪ್ಪಿಗೆ ಬರೀ ಕೆಂಪು ಗೆರೆ ಬಿದ್ದಿತ್ತು. ಸೊನ್ನೆ ಬಿದ್ದದ್ದು ಬೇರೆ ಕಾರಣಕ್ಕೆ. ಎರಡು ಸರಳರೇಖೆ ಒಂದನ್ನೊಂದು ಕತ್ತರಿಸಿದರೆ ಎದುರುಬದುರಿನ ಕೋನಗಳು ಸಮ ಎಂದು ಸಾಧಿಸಬೇಕಿತ್ತು. ಅವಳು ‘ಅಳೆದೆ, ಎರಡೂ 70 ಡಿಗ್ರಿ ಇವೆ’ ಎಂದು ಬರೆದಿದ್ದಳು.

‘ಸರಿಯಾಗೇ ಅಳೆದಿದ್ದೀನಿ ದೊಡ್ಡಪ್ಪ. ನಾನು ಅಜ್ಜಿ ಮನೆಗೇ ಹೋಗ್ತೀನಿ, ಈ ಸ್ಕೂಲು ಬೇಡ’ ಅಂತ ಅತ್ತಳು.

ನಾನಾದರೂ ಪರೀಕ್ಷೆಯಲ್ಲಿ ‘ನೋಡಿದರೇ ತಿಳಿಯುತ್ತದೆ’ ಎಂದು ಬರೆದವನು. ಅವಳು ಅಳೆದಾದರೂ ನೋಡಿದ್ದಳು!

ಸಂಜೆ ಹೊಲಕ್ಕೆ ಕರಕೊಂಡು ಹೋದೆ. ಅಲ್ಲಿ ಗಾಡಿದಾರಿಯೂ ಕೆರೆ ಕಾಲುವೆಯೂ ಕತ್ತರಿಯ ಹಾಗೆ ಹಾಯುತ್ತವೆ. ಸೇರುವಲ್ಲಿ ನಾಲ್ಕು ಮೂಲೆ. ಮೂಡಲದ್ದು ತಮ್ಮನಿಗೆ, ಪಡುವಲದ್ದು ನನಗೆ, ಉಳಿದೆರಡು ದಾಯಾದಿಗಳಿಗೆ. ‘ಮೂಡಲ ಮೂಲೆ, ತೆಂಕಲ ಮೂಲೆ ಎರಡನ್ನೂ ಕೂಡಿಸಿದರೆ ಗಾಡಿದಾರಿಯ ಒಂದು ಮಗ್ಗುಲು ಪೂರ್ತಿ ಆಯ್ತು. ದಾರಿ ನೇರ, ಅದಕ್ಕೇ ಮೊತ್ತ 180 ಡಿಗ್ರಿ. ತೆಂಕಲದ್ದನ್ನೂ ಪಡುವಲದ್ದನ್ನೂ ಕೂಡಿಸಿದರೆ ಕಾಲುವೆಯ ಒಂದು ಮಗ್ಗುಲು. ಅದೂ 180. ತೆಂಕಲ ಮೂಲೆ ಎರಡು ಲೆಕ್ಕದಲ್ಲೂ ಬಂದಿದೆ, ಎರಡರಿಂದಲೂ ಕಳೆದುಬಿಡು. ಏನುಳೀತು?’

‘ಮೂಡಲದ್ದು... ಪಡುವಲದ್ದು. ಎರಡೂ ಒಂದೇ! ಅಳೀಲೇ ಇಲ್ಲವಲ್ಲ ದೊಡ್ಡಪ್ಪ!’

ಅಷ್ಟೇ ವಿಷಯ. 70 ಅವಳ ಪುಸ್ತಕದ ಆ ಒಂದು ಚಿತ್ರಕ್ಕೆ ಸರಿ. ಈ ಮಾತು ಯಾವ ಎರಡು ನೇರ ಗೆರೆಗಾದರೂ ಸರಿ. ಇದನ್ನು ಕಂಡವನು ಗ್ರೀಕರ ಥೇಲ್ಸ್, ಕಾರಣ ಸಮೇತ ಸಾಧಿಸಿದವನು ಯೂಕ್ಲಿಡ್ ಎಂದು ಹಳಬರು ಹೇಳಿದ್ದಾರೆ. ಇಬ್ಬರ ನಡುವೆ ಸುಮಾರು 300 ವರ್ಷ. ನಮ್ಮ ಹುಡುಗಿಗೆ ಕೊಟ್ಟದ್ದು ಒಂದು ಪೀರಿಯಡ್ಡು.

ಬರೆಯುವ ಕ್ರಮ ನಮ್ಮ ಕ್ರಯಪತ್ರದಂತೆಯೇ. ಮೊದಲು ಚಕ್ಕುಬಂದಿ, ಅಂದರೆ ಏನು ಕೊಟ್ಟಿದ್ದಾರೆ ಎಂಬುದು: ಕನ್ನಡದಲ್ಲಿ ‘ದತ್ತ’, ತೆಲುಗಿನಲ್ಲಿ ‘ದತ್ತಾಂಶಂ’. ಆಮೇಲೆ ಏನನ್ನು ತೋರಿಸಬೇಕು: ನಮಗೆ ‘ಸಾಧನೀಯ’, ಅವರಿಗೆ ‘ಸಾರಾಂಶಂ’. ಕೊನೆಗೆ ನಮ್ಮ ‘ಸಾಧನೆ’, ಅವರ ‘ಉಪಪತ್ತಿ’. ಪ್ರತಿ ಸಾಲಿನ ಮುಂದೆ ಕಾರಣ ಇರಬೇಕು. ಸಾಕ್ಷಿ ರುಜು ಇಲ್ಲದ ಪತ್ರ ಯಾರು ಒಪ್ಪುತ್ತಾರೆ? ಕನ್ನಡದವರು ಈ ಜೋಡಿಗೆ ‘ಶೃಂಗಾಭಿಮುಖ’ ಎಂದರೆ ತೆಲುಗರು ‘ಶೀರ್ಷಾಭಿಮುಖ’ ಎನ್ನುತ್ತಾರೆ. ಒಬ್ಬರಿಗೆ ಕೊಂಬು, ಒಬ್ಬರಿಗೆ ತಲೆ. ಕೋಣನಿಗೆ ಎರಡೂ ಉಂಟು ಎಂದೆ. ಅಳು ನಿಂತು ನಕ್ಕಳು.

ಬದುವಿನ ಮೇಲೇ ಕೂತು ಬರೆದಳು. ಪೂರ್ತಿ ತೆಲುಗಿನಲ್ಲಿ, ‘ಣ’ ಸರಿಯಾಗಿ ಹಾಕಿ. ಆಮೇಲೆ ತಲೆ ಎತ್ತಿ ಕೇಳಿದಳು: ‘ಹಾಗಾದರೆ ಅಪ್ಪನ ಪಾಲೂ ನಿಮ್ಮ ಪಾಲೂ ಸಮಾನಾ?’

‘ಕೋನ ಸಮ ಕಣಮ್ಮ. ಬಾಹು ಎಷ್ಟುದ್ದ ಇದ್ದರೂ ಕೋನಕ್ಕೆ ಲೆಕ್ಕವಿಲ್ಲ’ ಎಂದೆ. ಅವಳು ನನ್ನ ಬದುವನ್ನು ಕೊನೆತನಕ ನೋಡಿದಳು, ಅಪ್ಪನದನ್ನೂ ನೋಡಿದಳು. ನನ್ನದು ಉದ್ದ. ಪಾಲಾದಾಗ ಹಿರಿಯರು ಕಣ್ಣಳತೆಯಲ್ಲಿ ಕಲ್ಲು ನೆಟ್ಟಿದ್ದರು, ನಾನು ಸುಮ್ಮನಿದ್ದೆ.

ಕಡ್ಲೆಕಾಯಿ ಕಿತ್ತ ಮೇಲೆ ಸರಪಳಿ ಹಿಡಿಸಿ ಅಳೆಸೋಣ ಎಂದು ಅಂದು ರಾತ್ರಿ ತಮ್ಮನಿಗೆ ಹೇಳಿದೆ. ‘ಬೇಡ ಬಿಡಣ್ಣ’ ಎಂದ. ಮಗಳು ಮಾತ್ರ ಬೇಡ ಎನ್ನಲಿಲ್ಲ.