ಆಪರೇಷನ್ ಆದವರಿಗೂ ನಿರೋಧ್ ಏಕೆ?

ಬೆಟಗೇರಿಯ ಓಣಿಗಳಲ್ಲಿ ಆಶಾ ಕಾರ್ಯಕರ್ತೆ ನಿರೋಧ್ ಮಾತು ತೆಗೆದಾಗ ಯಾರಾದರೂ "ನಂದು ಆಪರೇಷನ್ ಆಗೇತ್ರಿ ಅಕ್ಕಾರ" ಎಂದರೆ ಸಾಕು, ಮಾತು ಅಲ್ಲಿಗೆ ನಿಂತುಬಿಡುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಕ್ಕಳಾಗದಂತೆ ಮಾಡುವ ಈ ಆಪರೇಷನ್ ಮಾಡಿಸಿಕೊಂಡವರು. ಅಷ್ಟೂ ಜನರನ್ನು ಎಚ್‌ಐವಿಯ ಮಾತಿನಿಂದ ಹೊರಗಿಡುವುದು ಸರಿಯಲ್ಲ.

ಆಪರೇಷನ್ ಗರ್ಭನಾಳವನ್ನಷ್ಟೇ ಮುಚ್ಚುತ್ತದೆ. ವಂಕಿ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್, ಛಾಯಾ, ಮಾಲಾ-ಎನ್ ಗುಳಿಗೆ ಯಾವುದೂ ಎಚ್‌ಐವಿಯನ್ನು ತಡೆಯುವುದಿಲ್ಲ. ಗರ್ಭ, ಸೋಂಕು ಎರಡಕ್ಕೂ ತಡೆಯಾಗುವುದು ನಿರೋಧ್. ಆದರೆ ಅದೊಂದನ್ನೇ ನಂಬಿದರೆ, ಸಾಮಾನ್ಯ ಬಳಕೆಯಲ್ಲಿ ವರ್ಷಕ್ಕೆ ನೂರರಲ್ಲಿ ಸುಮಾರು 13 ಮಹಿಳೆಯರು ಗರ್ಭಿಣಿಯಾಗುತ್ತಾರೆ. ಆದ್ದರಿಂದ ಸೋಂಕಿನ ಆತಂಕ ಇರುವವರಿಗೆ ತಮಗೊಪ್ಪುವ ಒಂದು ವಿಧಾನ, ಜೊತೆಗೆ ನಿರೋಧ್, ಎರಡೂ ಬೇಕು.

ಇಂಜೆಕ್ಷನ್ನಿನಿಂದಲೇ ಎಚ್‌ಐವಿ ಅಪಾಯ ಹೆಚ್ಚುತ್ತದೆಯೇ ಎಂಬ ಅನುಮಾನ ಬಹುಕಾಲ ಇತ್ತು. ಆಫ್ರಿಕಾದ ನಾಲ್ಕು ದೇಶಗಳ 7,829 ಮಹಿಳೆಯರು ಪಾಲ್ಗೊಂಡ ಎಕೋ ಅಧ್ಯಯನ 2019ರಲ್ಲಿ ಉತ್ತರ ಕೊಟ್ಟಿತು: ಇಂಜೆಕ್ಷನ್, ವಂಕಿ, ತೋಳಿಗೆ ಹಾಕುವ ಇಂಪ್ಲಾಂಟ್ ಇವುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅಧ್ಯಯನದ ಅವಧಿಯಲ್ಲಿ 397 ಮಂದಿಗೆ ಸೋಂಕು ತಗಲಿತ್ತು. ಗರ್ಭನಿರೋಧಕ್ಕಾಗಿ ತಪ್ಪದೆ ದವಾಖಾನೆಗೆ ಬರುತ್ತಿದ್ದ ಹೆಣ್ಣುಮಕ್ಕಳು ಅವರು. ಗರ್ಭನಿರೋಧ, ಎಚ್‌ಐವಿ ಎರಡರ ಮಾತೂ ಒಂದೇ ಕೋಣೆಯಲ್ಲಿ ಏಕೆ ನಡೆಯಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಆಪ್ತ ಸಮಾಲೋಚನೆಯಲ್ಲಿ ಮೊದಲ ಕೆಲಸ, ಅತ್ತೆಯನ್ನೋ ಗಂಡನನ್ನೋ ಹೊರಗೆ ಕೂರಿಸಿ ಬಂದ ಹೆಣ್ಣುಮಗಳೊಂದಿಗಷ್ಟೇ ಮಾತಾಡುವುದು. ಇನ್ನೂ ಮಕ್ಕಳು ಬೇಕೇ, ಬಿಳಿಮುಟ್ಟು ಅಥವಾ ಹುಣ್ಣಿನ ತೊಂದರೆ ಇದೆಯೇ, ಗಂಡ ದುಡಿಯಲು ಗೋವಾಕ್ಕೋ ಮುಂಬೈಗೋ ಹೋಗಿ ತಿಂಗಳುಗಟ್ಟಲೆ ಇರುತ್ತಾನೆಯೇ, ಇವೆಲ್ಲ ನಿಧಾನಕ್ಕೆ ಬರಬೇಕಾದ ಪ್ರಶ್ನೆಗಳು. ಕಠಿಣವಾದದ್ದು ನಿರೋಧ್ ಮಾತು. "ನನ್ನ ಮ್ಯಾಲ ನಂಬಿಕಿ ಇಲ್ಲೇನು?" ಎಂದು ಗಂಡ ಕೇಳಿದರೆ ಅವಳು ಏನನ್ನಬೇಕು? "ಇಬ್ಬರೂ ಒಮ್ಮೆ ತಪಾಸಣೆ ಮಾಡಿಸೋಣ, ಅಲ್ಲೀತನಕ ಇದನ್ನ ಬಳಸೋಣ" ಎಂಬ ಮಾತನ್ನು ಸಮಾಲೋಚಕಿ ಅವಳ ಬಾಯಲ್ಲೇ ಆಡಿಸಿ ರೂಢಿ ಮಾಡಿಸಬಹುದು. ಹೊಡೆತದ ಭಯವಿದ್ದರೆ ಒತ್ತಾಯ ಸಲ್ಲದು. ಅವಳ ಸುರಕ್ಷತೆ ಮೊದಲು.

ನಿರೋಧ್ ಹರಿದರೆ 72 ಗಂಟೆ ನೆನಪಿರಲಿ. ತುರ್ತು ಗರ್ಭನಿರೋಧಕ ಗುಳಿಗೆ ಅಷ್ಟರೊಳಗೆ, ಬೇಗ ತೆಗೆದುಕೊಂಡಷ್ಟೂ ಒಳ್ಳೆಯದು. ಅದು ಎಚ್‌ಐವಿಗೆ ಮದ್ದಲ್ಲ. ಸೋಂಕು ತಡೆಯಲು 28 ದಿನ ನುಂಗುವ ಬೇರೆ ಔಷಧಿಯಿದೆ, ಅದೂ 72 ಗಂಟೆಯೊಳಗೇ ಶುರುವಾಗಬೇಕು.

ಪರೀಕ್ಷೆಯಲ್ಲಿ ಸೋಂಕು ಕಂಡರೂ ತಾಯ್ತನದ ಆಸೆ ಬಿಡಬೇಕಿಲ್ಲ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಗುಳಿಗೆ ಸರಕಾರಿ ಕೇಂದ್ರಗಳಲ್ಲಿ ಉಚಿತ. ಸರಿಯಾಗಿ ತೆಗೆದುಕೊಂಡರೆ ಮಗುವಿಗೆ ಸೋಂಕು ದಾಟುವ ಸಾಧ್ಯತೆ ಬಹಳ ಕಡಿಮೆ. ಸೋಂಕಿತ ಗರ್ಭಿಣಿಗೆ ಅವಳ ಒಪ್ಪಿಗೆಯಿಲ್ಲದೆ ಗರ್ಭಪಾತವನ್ನಾಗಲಿ ಆಪರೇಷನ್ನನ್ನಾಗಲಿ ಮಾಡುವಂತಿಲ್ಲ ಎಂದು 2017ರ ಎಚ್‌ಐವಿ ಕಾಯ್ದೆ ಹೇಳುತ್ತದೆ. ದವಾಖಾನೆಗೆ ಹೋಗುವ ಮೊದಲು ಮಾತಾಡಬೇಕೆನಿಸಿದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಬಹುದು, ಕರೆ ಉಚಿತ.